ಲೆಪರ್ಡ್ ಗೆಕ್ಕೊ: ಹೊಸ ಬಣ್ಣ ಕಂಡಾಗ ಹೆಸರಿಡುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಲೆಪರ್ಡ್ ಗೆಕ್ಕೊ ಎಂಬ ಸಾಕು ಹಲ್ಲಿ ಮೊಟ್ಟೆಯಿಂದ ಹೊರಬಂದಾಗ ಸಾಮಾನ್ಯವಾಗಿ ಹಳದಿ ಮೈಗೆ ಕಪ್ಪು ಪಟ್ಟೆ. ಆ ಪಟ್ಟೆಗಳು ಒಡೆದು ಚುಕ್ಕೆಗಳಾಗುವುದು ಬೆಳೆಯುತ್ತ ಬೆಳೆಯುತ್ತ. ಇಂಥ ಮರಿಗಳ ನಡುವೆ ಒಂದು ದಿನ ಯಾವುದಕ್ಕೂ ಹೋಲದ ಬಣ್ಣದ ಮರಿಯೊಂದು ಕಂಡರೆ, ಸಾಕುವವರಿಗೆ ಅವತ್ತು ನಿದ್ದೆ ಬರುವುದಿಲ್ಲ. ಹೊಸ ಮಾರ್ಫ್, ಅಂದರೆ ವಂಶಕ್ಕೆ ದಾಟುವ ಹೊಸ ಬಣ್ಣದ ಬಗೆ, ಸಿಕ್ಕಿತು, ಹೆಸರೇನಿಡೋಣ ಎಂಬ ಆತುರ ಅಲ್ಲೇ ಶುರು. ಆ ಆತುರವನ್ನು ಎರಡು ಮೂರು ವರ್ಷ ತಡೆದು ಹಿಡಿಯಬೇಕು. ಆ ಅವಧಿಯಲ್ಲಿ ಮಾಡಬೇಕಾದ ಕೆಲಸ ಏನು ಎಂಬುದೇ ಇವತ್ತಿನ ಮಾತು.

ಮೊದಲು ಅನುಮಾನಿಸಬೇಕಾದದ್ದು ಕಾವಿನ ಪೆಟ್ಟಿಗೆಯನ್ನು. 26, 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾವು ಪಡೆದ ಮರಿಗಳು ಹೆಚ್ಚಾಗಿ ಹೆಣ್ಣು, ಬಣ್ಣವೂ ಗಾಢ. 32 ಡಿಗ್ರಿಯ ಆಸುಪಾಸಿನಲ್ಲಿ ಗಂಡು ಹೆಚ್ಚು, ಬಣ್ಣ ತಿಳಿ. ಟ್ರೆಂಪರ್ ಆಲ್ಬಿನೊ ಎಂಬ, ಮೈಯಲ್ಲಿ ಕಪ್ಪು ಬಣ್ಣವೇ ಇಲ್ಲದ ತಳಿಯ ಮರಿ ತಂಪಿನಲ್ಲಿ ಬೆಳೆದರೆ ಚಾಕೊಲೇಟ್ ಕಂದು ಬಣ್ಣಕ್ಕೆ ತಿರುಗುತ್ತದೆ. ಅದೇ ತಾಯಿಯ ಇನ್ನೊಂದು ಮೊಟ್ಟೆ ಬಿಸಿಯಲ್ಲಿ ಬೆಳೆದರೆ ತಿಳಿ ಹಳದಿ ಆದೀತು. ಇದು ವಂಶವಾಹಿಯ ಬದಲಾವಣೆಯಲ್ಲ, ಥರ್ಮೋಸ್ಟ್ಯಾಟಿನ ಕೆಲಸ. ಆದ್ದರಿಂದ ಬಣ್ಣ ಪರೀಕ್ಷಿಸುವ ಹಂಗಾಮಿನಲ್ಲಿ ಎಲ್ಲ ಮೊಟ್ಟೆಗಳಿಗೂ ಒಂದೇ ಉಷ್ಣತೆ ಇರಲಿ. ಮೊಟ್ಟೆ ಇಡುವ ವರ್ಮಿಕ್ಯುಲೈಟಿಗೆ (ನೀರು ಹೀರುವ ಹಗುರ ಖನಿಜದ ಪುಡಿ) ಅದರ ತೂಕದಷ್ಟೇ ನೀರು ಬೆರೆಸಿ; ಹಿಂಡಿದರೆ ಉಂಡೆಯಾಗಬೇಕು, ಹನಿ ತೊಟ್ಟಿಕ್ಕಬಾರದು. ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಆಮೇಲೆ ಅದನ್ನು ಮಗುಚಬೇಡಿ.

ಮರಿಯ ಫೋಟೊವನ್ನು ಹುಟ್ಟಿದ ದಿನ, ಮೊದಲ ಪೊರೆ ಬಿಟ್ಟ ಮೇಲೆ, ಆಮೇಲೆ ಮೂರು, ಆರು, ಹನ್ನೆರಡು ತಿಂಗಳಿಗೆ, ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ತೆಗೆಯಿರಿ. ಕಾಗದ ಯಾಕೆಂದರೆ ಕ್ಯಾಮೆರಾ ಬಣ್ಣವನ್ನು ತನಗೆ ಬೇಕಾದಂತೆ ತಿದ್ದುತ್ತದೆ. ಕಾಗದ ಹಳದಿಯಾಗಿ ಕಂಡರೆ ಮರಿಯ ಹಳದಿಯನ್ನೂ ನಂಬುವಂತಿಲ್ಲ. ಹುಟ್ಟಿದಾಗಿನ ಬಣ್ಣ ಉಳಿಯುತ್ತದೆಂಬ ಖಾತ್ರಿಯೂ ಇಲ್ಲ. ಮ್ಯಾಕ್ ಸ್ನೋ ಎಂಬ ಮಾರ್ಫಿನ ಮರಿ ಹುಟ್ಟಿದಾಗ ಹಳದಿಯೇ ಇಲ್ಲದ ಕಪ್ಪು ಬಿಳುಪು, ವರ್ಷ ತುಂಬುವಷ್ಟರಲ್ಲಿ ಹಳದಿ ಮೆಲ್ಲಗೆ ಇಣುಕುತ್ತದೆ. ಆಲ್ಬಿನೊ ಮೈಮೇಲೆ ಒಂದೇ ಒಂದು ಕರಿ ಮಚ್ಚೆ ಬಿದ್ದಿದ್ದರೆ, ಭ್ರೂಣ ಬೆಳೆಯುವಾಗಿನ ಏರುಪೇರು ಅದು ಅಂತ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಮಕ್ಕಳಿಗೆ ದಾಟುವುದಿಲ್ಲ.

ಇಷ್ಟೆಲ್ಲ ದಾಟಿಯೂ ಬಣ್ಣ ನಿಂತಿದ್ದರೆ ಜೋಡಿ ಹಾಕುವ ಲೆಕ್ಕ. ಹೊಸ ಬಣ್ಣದ ಪ್ರಾಣಿಗೆ ಯಾವ ಸಂಬಂಧವೂ ಇಲ್ಲದ, ಸಾಮಾನ್ಯ ಬಣ್ಣದ ಸಂಗಾತಿ ಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಹೆಣ್ಣು ಗೆಕ್ಕೊ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳಬಲ್ಲದು. ಹೋದ ಸಲದ ಗಂಡಿನ ಮರಿಗಳು ಈ ಸಲದ ಲೆಕ್ಕಕ್ಕೆ ಸೇರಿಬಿಟ್ಟರೆ ಪರೀಕ್ಷೆಯೇ ಹಾಳು. ಹಾಗಾಗಿ ಇನ್ನೂ ಗಂಡಿನ ಜೊತೆ ಬಿಡದ ಹೆಣ್ಣನ್ನೇ ಆರಿಸಿ. ಅದರ ತೂಕ 45 ಗ್ರಾಂ ದಾಟಿರಬೇಕು, ವಯಸ್ಸು ಒಂದೂವರೆ ವರ್ಷವಾದರೂ ಆಗಿರಬೇಕು. ಒಂದು ಸಲಕ್ಕೆ ಎರಡು ಮೊಟ್ಟೆ, ಹಂಗಾಮಿಗೆ ಐದು ಸಲ ಇಟ್ಟರೆ ಹತ್ತು.

ಹತ್ತರಲ್ಲಿ ಸುಮಾರು ಅರ್ಧ ಮರಿಗಳು ಹೊಸ ಬಣ್ಣದವಾದರೆ ಗುಣ ಪ್ರಬಲ (ಜೀನಿನ ಒಂದೇ ಪ್ರತಿ ಇದ್ದರೂ ಕಾಣುವಂಥದ್ದು) ಅಥವಾ ಅಪೂರ್ಣ ಪ್ರಬಲ (ಒಂದು ಪ್ರತಿಗೆ ಒಂದು ರೂಪ, ಎರಡಕ್ಕೆ ಇನ್ನೊಂದು). ಒಂದೂ ಬರದಿದ್ದರೆ ಗುಣ ದುರ್ಬಲವಿರಬಹುದು, ಅಂದರೆ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣುವಂಥದ್ದು, ಇಲ್ಲವೇ ವಂಶಕ್ಕೆ ದಾಟುವಂಥದ್ದೇ ಅಲ್ಲ. ಪ್ರಬಲ ಗುಣವಾಗಿದ್ದೂ ಹತ್ತರಲ್ಲಿ ಒಂದೂ ಕಾಣದಿರುವ ಸಾಧ್ಯತೆ ಸಾವಿರಕ್ಕೆ ಒಂದು, ಅದನ್ನು ಮರೆತರೂ ನಡೆಯುತ್ತದೆ. ಮುಂದಿನ ಹೆಜ್ಜೆ, ಆ ಮರಿಗಳಲ್ಲಿ ಒಂದನ್ನು ಹೊಸ ಬಣ್ಣದ ತಂದೆಗೋ ತಾಯಿಗೋ ಜೋಡಿಸುವುದು. ಗುಣ ದುರ್ಬಲವಾಗಿದ್ದರೆ ಅರ್ಧ ಮರಿಗಳಲ್ಲಿ ಬಣ್ಣ ಮರಳುತ್ತದೆ. ಒಡಹುಟ್ಟಿದವುಗಳನ್ನೇ ಜೋಡಿಸಿದರೆ ಕಾಲು ಭಾಗ ಮಾತ್ರ. ಆಗ ಹತ್ತು ಮೊಟ್ಟೆಯಲ್ಲಿ ಒಂದೂ ಬರದಿರುವ ಸಾಧ್ಯತೆ ನೂರಕ್ಕೆ ಐದಾರು, ಹದಿನಾರು ಮೊಟ್ಟೆ ಒಡೆದ ಮೇಲೆ ನೂರಕ್ಕೆ ಒಂದು. ಹತ್ತಕ್ಕೇ ಕೈಬಿಟ್ಟವರು ನಿಜವಾದ ಗುಣವನ್ನು ಕಳೆದುಕೊಂಡಿರಲೂಬಹುದು. ಮರಿಗಳೆಲ್ಲ ನಡುನಡುವಿನ ಬಣ್ಣದಲ್ಲಿ ಹರಡಿಕೊಂಡು ಬಂದರೆ, ಅದು ಟ್ಯಾಂಜರೀನ್ (ಕಿತ್ತಳೆ), ಬ್ಲ್ಯಾಕ್ ನೈಟ್ (ಕಪ್ಪು) ತಳಿಗಳ ರೀತಿ ಹಲವು ಜೀನುಗಳು ಸೇರಿ ಆದ ಬಣ್ಣ. ತಲೆಮಾರುಗಳ ಆಯ್ಕೆಯಿಂದ ಬೆಳೆಸಬಹುದು, ಒಂದು ಜೀನಿನ ಹೆಸರು ಮಾತ್ರ ಕೊಡಬಾರದು.

ಹೊಸ ಆಲ್ಬಿನೊ ಸಿಕ್ಕಿತೆಂದರೆ ಕೆಲಸ ಇನ್ನೂ ಉದ್ದ. ಟ್ರೆಂಪರ್, ಬೆಲ್, ರೇನ್‌ವಾಟರ್ ಎಂಬ ಮೂರು ಆಲ್ಬಿನೊ ತಳಿಗಳು ಈಗಾಗಲೇ ಇವೆ, ಮೂರೂ ಬೇರೆ ಬೇರೆ ಜೀನಿನವು. ಟ್ರೆಂಪರ್‌ಗೆ ಬೆಲ್ ಜೋಡಿಸಿದರೆ ಮರಿಗಳೆಲ್ಲ ಸಾಮಾನ್ಯ ಬಣ್ಣದವೇ. ಹೊಸದನ್ನು ಮೂರಕ್ಕೂ ಬೇರೆ ಬೇರೆಯಾಗಿ ಜೋಡಿಸಬೇಕು. ಎಲ್ಲಿ ಆಲ್ಬಿನೊ ಮರಿ ಬಂತೋ ಅದೇ ಆ ತಳಿ. ಆದರೆ ಈ ಪರೀಕ್ಷೆಯಲ್ಲಿ ಹುಟ್ಟಿದ ಸಾಮಾನ್ಯ ಬಣ್ಣದ ಮರಿಗಳನ್ನು ಮುಂದೆ ಜೋಡಿಗೆ ಬಿಡಬೇಡಿ, ಕೊಡುವಾಗ ಹೇಳದೆ ಕೊಡಬೇಡಿ. ಅವುಗಳೊಳಗೆ ಎರಡು ಆಲ್ಬಿನೊ ಗುಣಗಳು ಅಡಗಿವೆ. ಅವನ್ನು ತಮ್ಮತಮ್ಮಲ್ಲೇ ಜೋಡಿಸಿದರೆ ಸರಾಸರಿ ಹದಿನಾರರಲ್ಲಿ ಏಳು ಮರಿ ಆಲ್ಬಿನೊ: ಮೂರು ಒಂದು ತಳಿ, ಮೂರು ಇನ್ನೊಂದು, ಒಂದರಲ್ಲಿ ಎರಡೂ. ಯಾವುದು ಯಾವುದೆಂದು ಕಣ್ಣಿನಿಂದ ಹೇಳಲಾಗದು. ಒಬ್ಬರ ಅಜಾಗ್ರತೆಗೆ ಎಷ್ಟೋ ಮನೆಗಳ ದಾಖಲೆ ಕೆಡುವುದು ಹೀಗೇ.

ಇನ್ನು ಆರೋಗ್ಯ. ನನಗೆ ಬಣ್ಣಕ್ಕಿಂತ ಮುಖ್ಯ ಇದು. ಎನಿಗ್ಮಾ ಎಂಬ ಮಾರ್ಫ್ ಪ್ರಬಲ ಗುಣ, ಚೆಲುವಾದ ಚುಕ್ಕೆಗಳು. ಆದರೆ ಅದರ ಜೊತೆಗೇ ನರದ ತೊಂದರೆ ಬಂತು: ತಲೆ ಒಂದು ಕಡೆ ವಾಲುವುದು, ಒಂದೇ ಕಡೆಗೆ ಸುತ್ತುವುದು, ಆಕಾಶ ನೋಡುತ್ತ ನಿಲ್ಲುವುದು. ಹುಟ್ಟಿದಾಗ ಸರಿಯಿದ್ದ ಮರಿಯಲ್ಲೂ ಜಾಗ ಬದಲಾದಾಗ, ಮೊಟ್ಟೆ ಇಡುವಾಗ ಇದು ಕಾಣಿಸಿಕೊಳ್ಳಬಹುದು. ಹೊಸ ಬಣ್ಣದ ಪ್ರತಿ ಮರಿಯ ಮುಂದೆಯೂ ವಾರಕ್ಕೊಮ್ಮೆ ಒಂದೊಂದೇ ಚಿಮ್ಮಂಡೆ ಬಿಟ್ಟು ನೋಡಿ. ಬಾಯಿ ಹಾಕಿದಾಗಲೆಲ್ಲ ಗುರಿ ಒಂದೇ ಕಡೆಗೆ ತಪ್ಪುತ್ತಿದ್ದರೆ ಬರೆದಿಡಿ.

ಲೆಮನ್ ಫ್ರಾಸ್ಟ್ ಎಂಬ ಹೊಳೆಯುವ ಹಳದಿ ಮಾರ್ಫಿನ ಕತೆ ಇನ್ನೂ ಕಠಿಣ. ಬೆಳಕನ್ನು ಹಿಂದಕ್ಕೆ ಎಸೆಯುವ ಹರಳುಗಳಿರುವ ಇರಿಡೋಫೋರ್ ಎಂಬ ಜೀವಕೋಶಗಳು ವಿಪರೀತ ಹೆಚ್ಚಿದ್ದರಿಂದಲೇ ಆ ಹೊಳಪು ಬಂದದ್ದು. ಅದೇ ಕೋಶಗಳು ಗಡ್ಡೆಯಾಗಿ ಬೆಳೆದವು. 2021ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ಇದನ್ನು ಸ್ಪಿಂಟ್1 ಎಂಬ ಜೀನಿನ ಜೊತೆ ತಳಕು ಹಾಕಿ ಪ್ರಕಟಿಸಿತು. ಆ ಜೀನ್ ಮನುಷ್ಯರ ಚರ್ಮದ ಕ್ಯಾನ್ಸರಿನಲ್ಲೂ ಚರ್ಚೆಗೆ ಬಂದದ್ದು. ಬಣ್ಣ ಕೊಡುವುದೂ ಗಡ್ಡೆ ಕೊಡುವುದೂ ಒಂದೇ ಜೀನ್ ಆದಾಗ, ಹೊಸ ರಕ್ತ ಬೆರೆಸಿ ರೋಗವನ್ನು ಬೇರ್ಪಡಿಸುತ್ತೇವೆ ಎಂಬ ಆಸೆಗೆ ನೆಲೆಯಿಲ್ಲ. ಲೆಮನ್ ಫ್ರಾಸ್ಟ್ ಗೆಕ್ಕೊ ನಿಮ್ಮಲ್ಲಿದ್ದರೆ ಪ್ರೀತಿಯಿಂದ ಸಾಕಿ, ಮರಿ ಮಾಡಿಸಬೇಡಿ.

ಗಡ್ಡೆ ಮೊದಲು ಕಾಣುವುದು ಹೊಟ್ಟೆಯ ಮೇಲೆ, ಸೀಮೆಸುಣ್ಣ ಒತ್ತಿದಂಥ ಬಿಳಿ ಮಚ್ಚೆಯಾಗಿ. ಗೆಕ್ಕೊವನ್ನು ಪಾರದರ್ಶಕ ಡಬ್ಬಿಯಲ್ಲಿ ಬಿಟ್ಟು ಡಬ್ಬಿಯನ್ನು ಮೇಲೆತ್ತಿ ಕೆಳಗಿನಿಂದ ನೋಡಿದರೆ, ಹಿಡಿದು ಹೆದರಿಸದೆಯೇ ಕಾಣುತ್ತದೆ. ಯಾವ ಹೊಸ ಬಣ್ಣವೇ ಆಗಲಿ, ತಿಂಗಳಿಗೊಮ್ಮೆ ಹೀಗೆ ನೋಡಿ, ತೂಕದ ಜೊತೆ ದಾಖಲಿಸಿ. ಪರೀಕ್ಷೆ ಮುಗಿಯುವ ಮೊದಲೇ ಮರಿ ಇನ್ನೊಬ್ಬರ ಮನೆಗೆ ಹೋಗಬೇಕಾಗಿ ಬಂದರೆ, ಜೊತೆಗೊಂದು ಚೀಟಿ ಹೋಗಲಿ: ತಂದೆ ತಾಯಿ ಯಾರು, ಕಾವು ಎಷ್ಟು ಡಿಗ್ರಿ, ಹುಟ್ಟಿದ ದಿನ, ತೂಕ. ಮಾರ್ಫ್ ಎಂಬ ಜಾಗದಲ್ಲಿ "ಇನ್ನೂ ಖಾತ್ರಿಯಾಗಿಲ್ಲ" ಎಂದು ಬರೆಯಿರಿ.

ನಮಸ್ಕಾರ.