ಅಪ್ಪನ ಅರ್ಧ ಕೆಜಿ ಬಟ್ಟು

ಇದು ನಮ್ಮನೆ ತಾರಸಿ, ಗಿರಿನಗರ. ಜನವರಿ, ಸಂಜೆ ಆರೂಮುಕ್ಕಾಲು. ಅಮ್ಮ ಒಣಹಾಕಿದ್ದ ಬಟ್ಟೆನೆಲ್ಲ ಒಂದು ಕಡೆ ಸರಿಸಿ ಸಿಂಟೆಕ್ಸ್ ಟ್ಯಾಂಕ್ ಪಕ್ಕ ಜಾಗ ಮಾಡ್ಕೊಂಡಿದೀನಿ. ಆ ಕೊಳವೆ ನೀರಿನ ಪೈಪಲ್ಲ, ಟೆಲಿಸ್ಕೋಪು. ಇದರಲ್ಲಿ ಆಕಾಶದ ಫೋಟೋ ತೆಗೆಯೋಕೆ ಮುಂಚೆ ತಕ್ಕಡಿ ಥರ ಸಮತೂಕ ಮಾಡ್ಬೇಕು, ಈ ವಿಡಿಯೋ ಅದರದ್ದೇ. 10 ಇಂಚಿನ ನ್ಯೂಟೋನಿಯನ್, ಅಂದ್ರೆ ಲೆನ್ಸ್ ಬದಲು ಕನ್ನಡಿ ಇರೋದು, ಫೋಕಲ್ ಲೆಂತ್ 1,200 ಮಿಲಿಮೀಟರ್. ಬರೀ ಟ್ಯೂಬೇ 15 ಕೆಜಿ. ಕ್ಯಾಮೆರಾ, ಗುರಿ ತಪ್ಪದ ಹಾಗೆ ಕಾಯೋ ಪುಟ್ಟ ಗೈಡ್ ಸ್ಕೋಪು ಸೇರಿದ್ರೆ 18ರ ಹತ್ರ. ಮೌಂಟ್, ಅಂದ್ರೆ ಟ್ಯೂಬನ್ನ ಹೊತ್ತು ಆಕಾಶದ ಜೊತೆ ತಿರುಗಿಸೋ ಮೋಟರ್ ಸ್ಟ್ಯಾಂಡು, ಹೊರೋ ಮಿತಿ 20 ಅಂತ ಡಬ್ಬದ ಮೇಲೆ ಬರೆದಿದೆ. ಇದನ್ನ ಮೂರು ಮಹಡಿ ಹತ್ತಿಸೋ ಸೊಂಟದ ಮಿತಿ ಎಲ್ಲೂ ಬರೆದಿಲ್ಲ.

ಮೊದಲು ಕೌಂಟರ್‌ವೇಟ್, ಅಂದ್ರೆ ಟ್ಯೂಬಿನ ಎದುರು ಬದಿಯ ಸರಳಿಗೆ ಹಾಕೋ ತೂಕಗಳು, ಆಮೇಲೆ ಟ್ಯೂಬು. ಬಿಚ್ಚೋವಾಗ ತಿರುಗಾಮುರುಗ. ಹೋದ ವರ್ಷ ಒಂದಿನ ಬೆಳಗಿನ ಜಾವ ನಿದ್ದೆಗಣ್ಣಲ್ಲಿ ತೂಕಗಳನ್ನೇ ಮೊದಲು ತೆಗೆದುಬಿಟ್ಟೆ. ಅಕ್ಷನ ಬಿಗಿ ಹಿಡಿಯೋ ಕ್ಲಚ್ ಚೂರು ಸಡಿಲ ಇತ್ತು. ಟ್ಯೂಬು ಗಿರಕಿ ಹೊಡೆದು ಟ್ರೈಪಾಡ್ ಕಾಲಿಗೆ ಬಡೀತು. ಕನ್ನಡಿ ಉಳೀತು, ಗುರಿ ಹುಡುಕೋ ಪುಟ್ಟ ದುರ್ಬೀನು, ಫೈಂಡರ್, ಅದರ ಹಿಡಿಕೆ ಮುರೀತು. ಕೆಳಗಿಂದ ಅಮ್ಮ, "ಏನೋ ಅದು, ಬೆಕ್ಕಾ?" ಅಂದ್ರು. ಹೂಂ ಅಂದೆ.

ಈಗ ನಮ್ಮೂರಿನದೇ ಒಂದು ತಲೆನೋವು. ಬೆಂಗಳೂರು ಇರೋದು ಹೆಚ್ಚುಕಮ್ಮಿ 13 ಡಿಗ್ರಿ ಅಕ್ಷಾಂಶದಲ್ಲಿ. ಆಕಾಶ ಧ್ರುವದ ಸುತ್ತ ತಿರುಗೋದ್ರಿಂದ ಮೌಂಟಿನ ಅಕ್ಷಾನೂ ಧ್ರುವದ ಕಡೆ ನೋಡ್ಬೇಕಲ್ಲ, ಹಾಗಾಗಿ ಇಲ್ಲಿ ಅದು ಬರೀ 13 ಡಿಗ್ರಿ ಎತ್ತಿ, ಹತ್ರಹತ್ರ ಮಲಗಿದ ಹಾಗೇ ಇರುತ್ತೆ. ಆಗ ತೂಕದ ಸರಳು ಉತ್ತರದ ಕಾಲಿನ ಹತ್ರಕ್ಕೇ ಇಳಿಯುತ್ತೆ. ಯುರೋಪಿನವರ ವಿಡಿಯೋ ನೋಡಿ ಕಲಿತವನು ನಾನು. ಅಲ್ಲಿ ಅಕ್ಷ 50 ಡಿಗ್ರಿ ಎದ್ದು ನಿಂತಿರುತ್ತೆ, ಅವರಿಗೆ ಈ ಕಷ್ಟ ಗೊತ್ತೇ ಇಲ್ಲ. ಮೊದಮೊದಲು ನನ್ನ ಹತ್ರ 5 ಕೆಜಿದು ಎರಡೇ ತೂಕ ಇತ್ತು. ಸಮ ಆಗ್ಬೇಕಂದ್ರೆ ಸರಳಿನ ತುದಿಗೇ ತಳ್ಳಬೇಕಿತ್ತು. ತಳ್ಳಿದ್ರೆ ಟ್ರೈಪಾಡ್ ಕಾಲಿಗೆ ಟಣ್ ಅಂತ ತಾಗೋದು.

ಪೀಣ್ಯದ ಒಂದು ಲೇತ್ ಅಂಗಡಿಗೆ ಹೋಗಿ ಮೂರನೇದು ಮಾಡಿಸ್ದೆ. "ಜಿಮ್ಮಿಗಾ ಸಾರ್?" ಅಂದ ಆ ಹುಡುಗ. ನಕ್ಷತ್ರಕ್ಕೆ ಅಂದೆ. ಅವನು ಮುಂದೆ ಏನೂ ಕೇಳಲಿಲ್ಲ. ಈಗ ಮೂರೂ ತೂಕ ಸರಳಿನ ಮೇಲ್ಭಾಗದಲ್ಲೇ ಕೂತಿವೆ, ಕಾಲಿಗೆ ತಾಗಲ್ಲ. ಇನ್ನೊಂದು ಲಾಭಾನೂ ಇದೆ. ಸಮತೂಕಕ್ಕೆ ಬೇಕಾಗೋದು ತೂಕ ಗುಣಿಸು ಅಕ್ಷದಿಂದ ದೂರ. ಆದ್ರೆ ಗಾಳಿಗೆ ಅಲ್ಲಾಡಿದ್ದು ನಿಲ್ಲೋ ಲೆಕ್ಕದಲ್ಲಿ ದೂರ ಎರಡು ಸಲ ಗುಣಾಕಾರ ಆಗುತ್ತೆ. ದೂರದಲ್ಲಿ ಕಮ್ಮಿ ತೂಕಕ್ಕಿಂತ ಹತ್ರದಲ್ಲಿ ಜಾಸ್ತಿ ತೂಕ ವಾಸಿ.

ಸರಳು ಅಡ್ಡಡ್ಡ, ಕ್ಲಚ್ ಸಡಿಲ. ಕೈ ಬಿಡಬೇಡಿ, ಬೆರಳಲ್ಲಿ ತಡೆದೇ ಇರಿ, ಯಾವ ಕಡೆ ಜಗ್ಗುತ್ತೆ ಅಂತ ಬೆರಳೇ ಹೇಳುತ್ತೆ. ಆಮೇಲೆ ಟ್ಯೂಬನ್ನ ಮಲಗಿಸಿ ಹಿಂದೆ ಮುಂದೆ ಸರಿಸೋದು. ಇಷ್ಟೆಲ್ಲ ಮಾಡಿ ಎದ್ದು ನಿಂತಾಗ ಅಪ್ಪ ಕಾಫಿ ಹಿಡ್ಕೊಂಡು ಬಂದ್ರು. ಮೂವತ್ತು ವರ್ಷ ದಿನಸಿ ಅಂಗಡಿ ಇಟ್ಟಿದ್ದೋರು. ಒಂದು ನಿಮಿಷ ನೋಡಿ, "ಮುಚ್ಚಳ ಹಾಕೇ ತೂಗ್ತಿದೀಯಲ್ಲೋ?" ಅಂದ್ರು.

ನಿಜ. ಮುಂದಿನ ಮುಚ್ಚಳ ಹಾಗೇ ಇತ್ತು! ಫೋಟೋ ತೆಗೆಯೋವಾಗ ಏನೇನು ಇರುತ್ತೋ ಅದೆಲ್ಲ ಇದ್ದೇ ತೂಗ್ಬೇಕು. ಮುಚ್ಚಳ ಆಚೆ, ಕೇಬಲ್ ಒಳಗೆ, ಫೋಕಸ್ ಮಾಡೋ ಫೋಕಸರ್ ತನ್ನ ಜಾಗಕ್ಕೆ. ಮತ್ತೆ ಮೊದಲಿಂದ.

ಟ್ಯೂಬು ಮಲಗಿದಾಗ ಸರಿ ಇದ್ದದ್ದು ನೇರ ಮೇಲಕ್ಕೆ ನಿಲ್ಲಿಸಿದ್ರೆ ಒಂದು ಪಕ್ಕಕ್ಕೆ ವಾಲುತ್ತೆ. ನ್ಯೂಟೋನಿಯನ್‌ನಲ್ಲಿ ಕ್ಯಾಮೆರಾ ನೇತಾಡೋದು ಪಕ್ಕದಲ್ಲಿ, ಅದಕ್ಕೆ. ಅಪ್ಪ ಕೆಳಗೆ ಹೋಗಿ ಅಂಗಡಿ ಕಾಲದ ಅರ್ಧ ಕೆಜಿ ಕಬ್ಬಿಣದ ಬಟ್ಟು ತಂದ್ರು. ಕ್ಯಾಮೆರಾದ ಎದುರು ಬದಿಗೆ ವೆಲ್ಕ್ರೋ ಪಟ್ಟಿಯಲ್ಲಿ ಕಟ್ಟಿದೆ. ಟ್ಯೂಬು ನಿಂತಲ್ಲೇ ನಿಂತಿತು.

ಅಂದ ಹಾಗೆ, ಪೂರ್ತಿ ಸಮ ಆದ್ರೂ ಕಷ್ಟ. ಗೇರಿನ ಹಲ್ಲುಗಳ ನಡುವೆ ಚೂರು ಲೂಸ್ ಇರುತ್ತಲ್ಲ, ಯಾವ ಕಡೆಗೂ ಭಾರ ಇಲ್ಲದಿದ್ರೆ ಅಲ್ಲೇ ಅತ್ತಿತ್ತ ಓಲಾಡುತ್ತೆ. ಪೂರ್ವದ ಕಡೆ ಕೂದಲೆಳೆಯಷ್ಟು ಭಾರ ಬಿಟ್ರೆ ಮೋಟರ್ ಸದಾ ಎತ್ತುತ್ತಾ ಇರುತ್ತೆ, ಹಲ್ಲಿಗೆ ಹಲ್ಲು ಕಚ್ಚಿರುತ್ತೆ. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ 3,600 ಆರ್ಕ್‌ಸೆಕೆಂಡ್) ತಿರುಗುತ್ತೆ. ನನ್ನ ಕ್ಯಾಮೆರಾದ 3.76 ಮೈಕ್ರಾನ್ ಪಿಕ್ಸೆಲ್ಲಿಗೆ ಅದು 23 ಪಿಕ್ಸೆಲ್. ಮೌಂಟ್ ಒಂದೇ ಒಂದು ಸೆಕೆಂಡ್ ತಡವರಿಸಿದ್ರೂ ನಕ್ಷತ್ರ ಜೀರಿಗೆ ಕಾಳಾಗುತ್ತೆ.

ಅಕ್ಷನ ಧ್ರುವಕ್ಕೆ ಸರಿಯಾಗಿ ತಿರುಗಿಸೋಣ ಅಂದ್ರೆ ಧ್ರುವ ನಕ್ಷತ್ರ ಪಕ್ಕದ ಅಪಾರ್ಟ್‌ಮೆಂಟಿನ ಹಿಂದೆ ಇದೆ. ಹಾಗಾಗಿ ಡ್ರಿಫ್ಟ್ ವಿಧಾನ: ದಕ್ಷಿಣದಲ್ಲೊಂದು, ಪೂರ್ವದಲ್ಲೊಂದು ನಕ್ಷತ್ರ ಹಿಡಿದು, ಎತ್ತ ಜಾರುತ್ತೆ ನೋಡಿ ತಿದ್ದೋದು. ಅರ್ಧ ಗಂಟೆ ಹಿಡೀತು. ಅದನ್ನ ಕತ್ತರಿಸಿದೀನಿ, ನಿಮಗೂ ಬೋರು.

ಇದು ಮಹಾವ್ಯಾಧನ (ಓರಿಯನ್) ನೆಬ್ಯುಲಾ, ಅಂದ್ರೆ ಆ ನಕ್ಷತ್ರಪುಂಜದ ಅನಿಲ-ಧೂಳಿನ ಮೋಡ, 60 ಸೆಕೆಂಡಿನ ಒಂದೇ ಫ್ರೇಮು, ಬೀದಿದೀಪದ ಹೊಗೆಬಣ್ಣದ ಸಮೇತ. ಮೂಲೆಯ ನಕ್ಷತ್ರ ದೊಡ್ಡದು ಮಾಡಿ ತೋರಿಸ್ತೀನಿ. ದುಂಡಗಿದೆ. ಹತ್ತೂವರೆ ಹೊತ್ತಿಗೆ ಮಹಾವ್ಯಾಧ ನೆತ್ತಿ ದಾಟ್ತಾನೆ. ಆಗ ಟ್ಯೂಬು ಈ ಕಡೆಯಿಂದ ಆ ಕಡೆಗೆ ಮಗುಚುತ್ತೆ, ಪೂರ್ವದ ಭಾರಾನೂ ಅದಲುಬದಲು. ತೂಕನ ಒಂದು ಬೆರಳು ಒಳಗೆ ಸರಿಸಬೇಕು. ಅಲಾರಂ ಇಟ್ಟಿದೀನಿ.

ಅಪ್ಪ ಮಲಗೋಕೆ ಹೋಗೋವಾಗ ಮೆಟ್ಟಿಲಲ್ಲಿ ನಿಂತು, "ಆ ಬಟ್ಟು ಮಾತ್ರ ಕಳೀಬೇಡ, ಅದಕ್ಕೆ ಸರ್ಕಾರದ ಮುದ್ರೆ ಇದೆ" ಅಂದ್ರು.