ವರದಿ ತೆಗೆದು ಓದೋರು ಯಾರು?

ನಮಸ್ಕಾರ. ಇವತ್ತಿನ ಮಾತು ಕಾನೂನು ವಿದ್ಯಾರ್ಥಿಗಳು ನಡೆಸೋ ಪತ್ರಿಕೆಗಳ ಬಗ್ಗೆ. ಅದನ್ನ ಒಂದು ವಿಮಾನ ಅಪಘಾತದಿಂದ ಶುರು ಮಾಡ್ತೀನಿ.

1948ರ ಅಕ್ಟೋಬರ್ 6. ಅಮೆರಿಕದ ಜಾರ್ಜಿಯಾ ರಾಜ್ಯದ ವೇಕ್ರಾಸ್ ಅನ್ನೋ ಊರಿನ ಹತ್ತಿರ ವಾಯುಪಡೆಯ ಒಂದು ಬಿ-29 ವಿಮಾನ ಬೆಂಕಿ ಹೊತ್ತಿಕೊಂಡು ಬಿತ್ತು. 9 ಜನ ಸತ್ತರು. ಅವರಲ್ಲಿ 3 ಜನ ಸೈನ್ಯಕ್ಕೆ ಸೇರಿದವರಲ್ಲ, ಕೆಲಸದ ಮೇಲೆ ಹತ್ತಿದ್ದ ತಂತ್ರಜ್ಞರು. ಅವರ ಹೆಂಡತಿಯರು ಕೋರ್ಟಿಗೆ ಹೋದರು, ಅಪಘಾತದ ತನಿಖಾ ವರದಿ ಕೊಡಿ ಅಂದರು. ಅದರಲ್ಲಿ ಮಿಲಿಟರಿ ರಹಸ್ಯ ಇದೆ, ಕೊಡೋಕಾಗಲ್ಲ ಅಂತು ಸರ್ಕಾರ. 1953ರಲ್ಲಿ ಸುಪ್ರೀಂ ಕೋರ್ಟ್ ಆ ವರದಿಯನ್ನ ಒಂದು ಸಲವೂ ತೆರೆದು ನೋಡದೆ ಸರ್ಕಾರದ ಮಾತು ಒಪ್ಪಿಕೊಂಡಿತು. ಕೇಸು ಹಾಕಿದ ಹೆಂಡತಿಯರಲ್ಲಿ ಒಬ್ಬರ ಹೆಸರಲ್ಲಿ ಅದನ್ನ ರೆನಾಲ್ಡ್ಸ್ ತೀರ್ಪು ಅಂತಾರೆ.

ಹತ್ತಿರಹತ್ತಿರ 50 ವರ್ಷ ಕಳೆದ ಮೇಲೆ, ಸತ್ತವರೊಬ್ಬರ ಮಗಳಿಗೆ ಇಂಟರ್ನೆಟ್ಟಿನಲ್ಲಿ ಹುಡುಕ್ತಾ ಆ ವರದಿ ಸಿಕ್ಕಿತು. ಅಪ್ಪ ಹೋದಾಗ ಆಕೆ ಎಳೆಗೂಸು. ಯಾವ ರಹಸ್ಯ ಯಂತ್ರದ ವಿವರ ಇದೆಯೋ ಅಂತ ಓದಿದರೆ, ಅಲ್ಲಿದ್ದದ್ದು ಎಂಜಿನ್ನಿಗೆ ಬೆಂಕಿ ಬಿದ್ದ ಕಥೆ. ಶಾಖ ತಡೆಯೋ ಕವಚ ಹಾಕಿ ಅಂತ ಆದೇಶ ಇದ್ದರೂ ಹಾಕಿರಲಿಲ್ಲ.

ಈ ಕಥೆ ಓದಿದಾಗ ನನ್ನ ಎದೆ ಭಾರವಾಗಿತ್ತು. ಹಾರ್ವರ್ಡ್ ಕಾನೂನು ಶಾಲೆಯ ವಿದ್ಯಾರ್ಥಿಗಳು ನಡೆಸೋ 'ನ್ಯಾಷನಲ್ ಸೆಕ್ಯುರಿಟಿ ಜರ್ನಲ್' ಎಷ್ಟು ಬೆಲೆಯ ಕೆಲಸ ಅನ್ನೋದು ಅರ್ಥವಾಗಿದ್ದೂ ಇದರಿಂದಲೇ. ಅದರ ಮೊದಲ ಸಂಪುಟ ಬಂದಿದ್ದು 2010ರಲ್ಲಿ. ಬೇರೆ ವಿಷಯಗಳಲ್ಲಿ ಲೇಖನವನ್ನ ಹಿರಿಯ ವಿದ್ವಾಂಸರು ಪರೀಕ್ಷೆ ಮಾಡ್ತಾರೆ. ಅಮೆರಿಕದ ಕಾನೂನು ಪತ್ರಿಕೆಗಳಲ್ಲಿ ಹೆಚ್ಚಿನವು ಮಾತ್ರ ವಿದ್ಯಾರ್ಥಿಗಳ ಕೈಯಲ್ಲೇ ಇವೆ.

ಅವರು ಮಾಡೋ ಕೆಲಸ ನೋಡಿ. ಕೋರ್ಟ್ ಹೀಗೆ ಹೇಳಿದೆ, ಇಂಥ ಪುಟ ಅಂತ ಲೇಖಕರು ಬರೆದಿರ್ತಾರೆ. ಎರಡನೇ ವರ್ಷದ ಒಬ್ಬ ಹುಡುಗಿ ಆ ತೀರ್ಪು ತೆಗೀತಾಳೆ, ಆ ಪುಟಕ್ಕೆ ಹೋಗ್ತಾಳೆ, ಸಾಲಿನ ಮೇಲೆ ಬೆರಳಿಟ್ಟು ಓದ್ತಾಳೆ. ನಿಜವಾಗಿ ಹಾಗೇ ಇದೆಯಾ? ತೀರ್ಪನ್ನ ಒಪ್ಪದ ನ್ಯಾಯಮೂರ್ತಿ ಬೇರೆಯಾಗಿ ಬರೆದ ಭಿನ್ನಮತದ ಸಾಲನ್ನ ಬಹುಮತದ್ದು ಅಂತ ತೋರಿಸಿಲ್ಲ ತಾನೇ? ಹೀಗೆ ನೂರಾರು ಅಡಿಟಿಪ್ಪಣಿ. ಬೇಸರದ ಕೆಲಸ, ಒಪ್ಪುತ್ತೀನಿ. ಆದರೆ 1953ರಲ್ಲಿ ಅಷ್ಟು ದೊಡ್ಡ ನ್ಯಾಯಮೂರ್ತಿಗಳು ಮಾಡದೆ ಬಿಟ್ಟಿದ್ದು ಇದನ್ನೇ ಅಲ್ವಾ?

ರಹಸ್ಯ ಕಡತ ಕಣ್ಣಲ್ಲೂ ನೋಡದ ಮಕ್ಕಳಿಗೆ ದೇಶದ ಭದ್ರತೆ ಬಗ್ಗೆ ಏನು ಗೊತ್ತು ಅಂತ ಕೇಳೋರಿದ್ದಾರೆ. ನಾವು ನೀವು ಯಾರು ನೋಡಿದ್ದೀವಿ? ಹೊರಗೆ ನಿಂತವರಿಗೂ ಪ್ರಶ್ನೆ ಕೇಳೋ ಹಕ್ಕಿದೆ. 2014ರಲ್ಲಿ ಇದೇ ಪತ್ರಿಕೆ ಕಾನೂನು ಪ್ರಾಧ್ಯಾಪಕ ಮೈಕೆಲ್ ಗ್ಲೆನ್ನನ್ ಅವರ ಉದ್ದನೆಯ ಲೇಖನ ಪ್ರಕಟಿಸಿತು. ಬುಷ್ ಹೋಗಿ ಒಬಾಮಾ ಬಂದರೂ ಭದ್ರತಾ ನೀತಿ ಯಾಕೆ ಹೆಚ್ಚುಕಮ್ಮಿ ಹಾಗೇ ಉಳೀತು? ಜನ ಆರಿಸಿದವರು ಮುಂದೆ ಕಾಣ್ತಾರೆ, ನಿರ್ಧಾರ ಮಾಡೋದು ಹಿಂದಿರೋ ಸೇನೆ ಮತ್ತು ಗುಪ್ತಚರ ಅಧಿಕಾರಿಗಳ ಜಾಲ ಅಂತ ಅವರ ವಾದ. ನನಗೆ ಆ ವಾದ ಪೂರ್ತಿ ಒಪ್ಪಿಗೆ ಇಲ್ಲ, ಆರಿಸಿ ಬಂದವರ ಹೊಣೆಯನ್ನ ಅದು ತೀರಾ ಹಗುರ ಮಾಡುತ್ತೆ. ಆದರೆ ಅದನ್ನ ಅಚ್ಚು ಮಾಡೋ ಧೈರ್ಯ ವಿದ್ಯಾರ್ಥಿಗಳಿಗಿತ್ತು.

ವಿದ್ಯಾರ್ಥಿ ಪತ್ರಿಕೆಯ ಮಾತು ಎಲ್ಲಿವರೆಗೆ ಹೋಗುತ್ತೆ ಗೊತ್ತಾ? 1887ರಲ್ಲಿ ವಿದ್ಯಾರ್ಥಿಗಳು ಶುರು ಮಾಡಿದ 'ಹಾರ್ವರ್ಡ್ ಲಾ ರಿವ್ಯೂ'ನಲ್ಲಿ 1890ರಲ್ಲಿ ವಾರೆನ್ ಮತ್ತು ಬ್ರಾಂಡೈಸ್ ಅನ್ನೋ ಇಬ್ಬರು ವಕೀಲರು ಖಾಸಗಿತನದ ಹಕ್ಕಿನ ಬಗ್ಗೆ ಒಂದು ಲೇಖನ ಬರೆದರು. 2017ರ ಆಗಸ್ಟ್ 24ರಂದು ನಮ್ಮ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದ ತೀರ್ಪಿನಲ್ಲಿ ಆ ಲೇಖನದ ಚರ್ಚೆ ಇದೆ. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ!

ಮುಚ್ಚಿದ ಲಕೋಟೆಯ ಕಾಯಿಲೆ ನಮಗೂ ಇದೆ. ಮಲಯಾಳಂನ ಮೀಡಿಯಾ ಒನ್ ಚಾನೆಲ್ಲಿಗೆ ಭದ್ರತೆಯ ಹೆಸರಲ್ಲಿ ಅನುಮತಿ ತಪ್ಪಿಸಿದರು, ಕಾರಣವನ್ನ ಮುಚ್ಚಿದ ಲಕೋಟೆಯಲ್ಲಿಟ್ಟು ಕೋರ್ಟಿಗೆ ಮಾತ್ರ ಕೊಟ್ಟರು, ಚಾನೆಲ್ಲಿಗೇ ಹೇಳಲಿಲ್ಲ. ಅದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2023ರ ಏಪ್ರಿಲ್‌ನಲ್ಲಿ.

ಅದಕ್ಕೇ ಧಾರವಾಡ, ಮೈಸೂರು, ಮಂಗಳೂರಲ್ಲಿ ಕಾನೂನು ಓದ್ತಿರೋ ನಿಮ್ಮನ್ನ ಕೇಳ್ತಿದ್ದೀನಿ. ನಾಲ್ಕು ಜನ ಸೇರಿ ಒಂದು ಪತ್ರಿಕೆ ಶುರು ಮಾಡಿ, ಭದ್ರತಾ ಕಾನೂನಿಗೇ ಮೀಸಲಾಗಿ, ಕನ್ನಡದಲ್ಲಿ. ಭಯೋತ್ಪಾದನೆ ಕೇಸುಗಳಿಗೆ ಬಳಸೋ ಯುಎಪಿಎ ಕಾಯ್ದೆಯಲ್ಲಿ ಜಾಮೀನಿಗೆ ಅಡ್ಡ ನಿಲ್ಲೋ 43ಡಿ ಕಲಮಿನ 5ನೇ ಉಪಕಲಮು ಒಂದನ್ನೇ ಮೊದಲ ಸಂಚಿಕೆಗೆ ಇಟ್ಟುಕೊಳ್ಳಿ. ಅದು ಏನು ಹೇಳುತ್ತೆ ಅಂತ ಒಬ್ಬ ಆರೋಪಿಯ ತಾಯಿಗೆ ಅರ್ಥವಾಗೋ ಹಾಗೆ ಬರೀರಿ. ಬರೆದದ್ದನ್ನ ನನಗೂ ಕಳಿಸಿ. ಅಡಿಟಿಪ್ಪಣಿ ಸಮೇತ ಕೂತು ಓದ್ತೀನಿ.