ಬಿಸಿಲೂರಿನಲ್ಲಿ ಗೋಸುಂಬೆಗೊಂದು ಗೂಡು

ಕೇಳುಗರೆಲ್ಲರಿಗೂ ನಮಸ್ಕಾರ.

ಗೋಸುಂಬೆ ಸಾಕಬೇಕೆಂದು ಹೊರಟವರಿಗೆ ನಾನು ಮೊದಲು ಹೇಳುವುದು, ತೊಗರಿ ಹೊಲದ ಬದುವಿನ ಜಾಲಿಗಿಡದ ಮೇಲೆ ಕಾಣುವ ನಮ್ಮ ನಾಡಿನ ಗೋಸುಂಬೆಯನ್ನು ಅಲ್ಲಿಯೇ ಬಿಟ್ಟುಬಿಡಿ ಎಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದೂ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಸಾಕುವವರಲ್ಲಿ ಹೆಚ್ಚಾಗಿ ಕಾಣುವುದು ಯೆಮೆನ್ ಮತ್ತು ಸೌದಿ ಅರೇಬಿಯಾ ಮೂಲದ, ತಲೆಯ ಮೇಲೆ ಎತ್ತರದ ಜುಟ್ಟಿರುವ ವೇಲ್ಡ್ ಗೋಸುಂಬೆ. ಅದನ್ನು ಕೊಳ್ಳುವಾಗಲೂ ಮಾರಾಟಗಾರರಿಂದ ಮೂಲದ ದಾಖಲೆ ಪಡೆದು, 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಗದವಿಲ್ಲದೆ ಅಗ್ಗಕ್ಕೆ ಕೊಡುತ್ತೇನೆಂದವರ ಅಂಗಡಿಯ ಮೆಟ್ಟಿಲು ಇಳಿದು ಬರುವುದೇ ಲೇಸು.

ಪ್ರಾಣಿ ಮನೆಗೆ ಬರುವ ಒಂದು ವಾರ ಮೊದಲೇ ಗೂಡು ಸಿದ್ಧವಾಗಿರಲಿ. ಬೆಳೆದ ಗಂಡಿಗೆ ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರದ ಜಾಲರಿಯ ಗೂಡು ಬೇಕು. ಇದು ಮರದ ಜೀವಿಯಾದ್ದರಿಂದ ಅಗಲಕ್ಕಿಂತ ಎತ್ತರವೇ ಮುಖ್ಯ. ಗಾಜಿನ ಪೆಟ್ಟಿಗೆ ನಮ್ಮ ಸೆಕೆಗೆ ಹೊಂದುವುದಿಲ್ಲ. ಗಾಜಿನಲ್ಲಿ ಕಾಣುವ ತನ್ನದೇ ಪ್ರತಿಬಿಂಬವನ್ನು ಇನ್ನೊಂದು ಗೋಸುಂಬೆಯೆಂದು ತಿಳಿದು ಅದು ದಿನವಿಡೀ ಕೆರಳುತ್ತದೆ. ಇದೇ ಕಾರಣಕ್ಕೆ ಒಂದು ಗೂಡಿನಲ್ಲಿ ಎರಡನ್ನು ಇಡಬಾರದು. ಒಳಗೆ ಬೆರಳು ಗಾತ್ರದ ಕೊಂಬೆಗಳನ್ನು ಅಡ್ಡಡ್ಡಲಾಗಿ ಕಟ್ಟಿ, ಔಷಧ ಹೊಡೆಯದ ದಾಸವಾಳದ ಕುಂಡವೊಂದನ್ನಿಡಿ. ಈ ಜಾತಿಯ ಗೋಸುಂಬೆ ಎಲೆಯನ್ನೂ ತಿನ್ನುವುದರಿಂದ ಕಣಗಿಲೆಯಂಥ ವಿಷದ ಗಿಡ ಬೇಡವೇ ಬೇಡ.

ಇನ್ನು ಶಾಖದ ವಿಚಾರ. ಹೊರದೇಶದ ಕೈಪಿಡಿಗಳೆಲ್ಲ ಗೂಡನ್ನು ಬೆಚ್ಚಗಿಡುವ ಬಗೆಯನ್ನು ಕಲಿಸುತ್ತವೆ. ಕಲಬುರಗಿಯಲ್ಲಿ ನಾವು ಕಲಿಯಬೇಕಾದದ್ದು ತಂಪಾಗಿಡುವ ಬಗೆಯನ್ನು. ಬೆಳಗಿನ ಹೊತ್ತು ಮೈ ಕಾಯಿಸಿಕೊಳ್ಳುವ ಮೇಲಿನ ಕೊಂಬೆಯ ಬಳಿ 29ರಿಂದ 31 ಡಿಗ್ರಿ, ಉಳಿದೆಡೆ 24ರಿಂದ 27 ಡಿಗ್ರಿ ಸಾಕು. ಮೊದಲ ವರ್ಷ ನಾನು ಕೈಪಿಡಿಯನ್ನೇ ನಂಬಿ ಮಾರ್ಚ್ ಕೊನೆಯವರೆಗೂ ಬಿಸಿಬಲ್ಬು ಉರಿಸುತ್ತಿದ್ದೆ. ಒಂದು ಮಧ್ಯಾಹ್ನ ನೋಡಿದರೆ ಹಸಿರು ಮೈ ಬೂದಿಯಂತೆ ಬಿಳಚಿ, ಬಾಯಿ ತೆರೆದು, ಪ್ರಾಣಿ ಕೊಂಬೆಯ ತುದಿಗೆ ಸರಿದು ನಿಂತಿತ್ತು. ತಾಪಮಾಪಕ 39 ತೋರಿಸುತ್ತಿತ್ತು. ಗೂಡನ್ನೇ ಎತ್ತಿಕೊಂಡು ಹೋಗಿ ಬಚ್ಚಲುಮನೆಯ ಶಹಾಬಾದ್ ಕಲ್ಲಿನ ಮೇಲಿಟ್ಟು, ಗಿಡದ ಎಲೆಗಳಿಗೆ ನೀರು ಸಿಂಪಡಿಸಿದ ಮೇಲೆ, ಅರ್ಧ ತಾಸಿಗೆ ಅದರ ಬಣ್ಣ ಮರಳಿತು. ಗೋಸುಂಬೆ ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸುತ್ತದೆಂಬ ಮಾತು ರಾಜಕಾರಣಿಗಳನ್ನು ಬೈಯಲು ಒದಗುತ್ತದೆಯೇ ಹೊರತು, ಅದರ ಬಣ್ಣ ಹೇಳುವುದು ಹೆಚ್ಚಾಗಿ ಅದರ ಮೈಬಿಸಿಯನ್ನೂ ಮನಸ್ಸಿನ ಸ್ಥಿತಿಯನ್ನೂ. ಅಂದಿನಿಂದ ಬೇಸಿಗೆಯಲ್ಲಿ ಬಲ್ಬು ಆರಿಸಿಟ್ಟು, ಗೂಡನ್ನು ಪಡುವಣ ಗೋಡೆಯಿಂದ ದೂರವಿಟ್ಟು, ಕೂಲರಿನ ಗಾಳಿ ನೇರವಾಗಿ ತಾಗದಂತೆ ಅದೇ ಕೋಣೆಯಲ್ಲಿ ಇರಿಸುತ್ತೇನೆ. ಬೀದರಿನ ಡಿಸೆಂಬರ್ ರಾತ್ರಿಗಳಲ್ಲಾದರೆ ಗೂಡಿನ ಮೂರು ಬದಿಗೆ ದಪ್ಪ ಬಟ್ಟೆ ಹೊದಿಸಿದರೆ ಆಯಿತು.

ನೀರಿನ ವಿಷಯದಲ್ಲಿ ಹೊಸಬರು ಎಡವುವುದೇ ಹೆಚ್ಚು. ಬಟ್ಟಲಿನ ನಿಂತ ನೀರು ಗೋಸುಂಬೆಯ ಗಮನಕ್ಕೆ ಬರುವುದು ಅಪರೂಪ. ಎಲೆಯ ಮೇಲೆ ಹೊಳೆಯುವ ಹನಿಯನ್ನಷ್ಟೇ ಅದು ನೀರೆಂದು ಗುರುತಿಸುತ್ತದೆ. ಔಷಧದಂಗಡಿಯ ಹೊಸ ಸಲೈನ್ ನಳಿಕೆಯೊಂದನ್ನು ನೀರಿನ ಬಾಟಲಿಗೆ ಜೋಡಿಸಿ ಗೂಡಿನ ಮೇಲೆ ತೂಗುಹಾಕಿ, ಗಾಲಿಯನ್ನು ತಿರುಗಿಸಿ ಎರಡು ಸೆಕೆಂಡಿಗೊಂದು ಹನಿ ದಾಸವಾಳದ ಎಲೆಯ ಮೇಲೆ ಬೀಳುವಂತೆ ಮಾಡಿ, ಕೆಳಗೊಂದು ತಟ್ಟೆಯಿಡಿ. ಬೆಳಿಗ್ಗೆ ಮತ್ತು ಸಂಜೆ ಎಲೆಗಳ ಮೇಲೆ ತುಂತುರು ಸಿಂಪಡಿಸಿ. ನಡುವೆ ಎಲೆಗಳು ಒಣಗಲಿ.

ಎಲುಬು ಗಟ್ಟಿಯಾಗಲು ನೇರಳಾತೀತ ಕಿರಣ ಬೇಕು. ಅದಕ್ಕೆಂದೇ ಇರುವ ಯುವಿಬಿ ಕೊಳವೆದೀಪವನ್ನು ದಿನಕ್ಕೆ ಹನ್ನೆರಡು ತಾಸು ಉರಿಸಿ, ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು, ಏಕೆಂದರೆ ಬೆಳಕು ಕಾಣುತ್ತಿದ್ದರೂ ಕಿರಣದ ಬಲ ಕುಂದಿರುತ್ತದೆ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಿಂದ ಈ ಪ್ರಯೋಜನವಿಲ್ಲ. ಆಹಾರವಾಗಿ ಮನೆಯಲ್ಲೇ ಗಜ್ಜರಿ, ಸೊಪ್ಪು ತಿನ್ನಿಸಿ ಬೆಳೆಸಿದ ಮಿಡತೆಯಂಥ ಕ್ರಿಕೆಟ್ ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ಮರಿಗೆ ನಿತ್ಯ, ದೊಡ್ಡದಕ್ಕೆ ದಿನ ಬಿಟ್ಟು ದಿನ. ಹುಳು ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ತೊಗರಿಗೆ ಕಾಯಿಕೊರಕದ ಔಷಧ ಹೊಡೆಯುವ ನಮ್ಮ ಭಾಗದಲ್ಲಿ ಹೊಲದ ಮಿಡತೆಯನ್ನು ಹಿಡಿದು ತರುವುದು ವಿಷ ತಂದಂತೆಯೇ.

ಮೊದಲ ಬಾರಿಗೆ ಸಾಕುವವರು ಗಂಡನ್ನೇ ಆರಿಸಿಕೊಳ್ಳಿ. ಹೆಣ್ಣು ಜೊತೆಯಿಲ್ಲದೆಯೂ ಮೊಟ್ಟೆಯಿಡುತ್ತದೆ, ಅದಕ್ಕೆ ಅಗೆಯಲು ಹಸಿ ಮರಳು ಸಿಗದಿದ್ದರೆ ಜೀವಕ್ಕೇ ಅಪಾಯ. ಈ ಜಾತಿಯ ಗಂಡುಮರಿಯ ಹಿಂಗಾಲ ಹಿಮ್ಮಡಿಯಲ್ಲಿ ಹುಟ್ಟಿನಿಂದಲೇ ಸಣ್ಣದೊಂದು ಉಬ್ಬು ಇರುತ್ತದೆ. ಮನೆಗೆ ತಂದ ಮೇಲೆ ಕೈಯಲ್ಲಿ ಹಿಡಿದು ಆಡಿಸಬೇಡಿ. ಬದಲಿಗೆ ಪ್ರತಿದಿನ ಬೆಳಿಗ್ಗೆ ತಟ್ಟೆಯಲ್ಲಿ ಬಿದ್ದ ಹಿಕ್ಕೆಯನ್ನು ನೋಡಿ. ಅದರ ಜೊತೆಗಿರುವ ಸುಣ್ಣದಂಥ ಭಾಗ ಬೆಳ್ಳಗಿದ್ದರೆ ನೀರು ಸಾಕಾಗಿದೆ. ಅರಿಸಿನದ ಬಣ್ಣಕ್ಕೆ ತಿರುಗಿ ಕಣ್ಣುಗುಡ್ಡೆಯೂ ಒಳಸೇರಿದ್ದರೆ ಅಂದೇ ಪಶುವೈದ್ಯರಿಗೆ ತೋರಿಸಿ. ಸರೀಸೃಪಗಳನ್ನು ನೋಡಬಲ್ಲ ವೈದ್ಯರು ಯಾರೆಂಬುದನ್ನು ಗೂಡು ಕಟ್ಟಿಸುವ ದಿನವೇ ವಿಚಾರಿಸಿ ಇಟ್ಟುಕೊಂಡಿರಿ.